ಪಳಗಿದ ಕೈ, ಮೊಹರಿನ ಲಕೋಟೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿರುವ ಅಶೋಕನ ಶಾಸನ 1892ರಲ್ಲಿ ಬಿ.ಎಲ್. ರೈಸ್ ಅವರಿಂದ ಬೆಳಕಿಗೆ ಬಂತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡ ಎಂದು ಹೇಳಿಕೊಂಡು, ತಾನು ಲಿಪಿಕಾರ ಎಂಬ ಒಂದೇ ಒಂದು ಮಾತನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ದೂರದ ಗಾಂಧಾರದ ಕಡೆಯ ಲಿಪಿ. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಶಾಸನಗಳಲ್ಲೂ ಅವನದೇ ಕೈ. ಎಲ್ಲೋ ಕಲಿತ ವಿದ್ಯೆಯನ್ನು ಇನ್ನೆಲ್ಲೋ ನೆಚ್ಚಿ ಬಾಳಿದ ಕಸಬುದಾರರಲ್ಲಿ ಹೆಸರು ಉಳಿಸಿಕೊಂಡ ಬಹು ಹಳಬನೊಬ್ಬ ಸಿಗುವುದು ಈ ಬಂಡೆಯ ಮೇಲೆ.

ಈಗ ವಿದ್ಯೆ ಈ ಸೀಮೆಯಿಂದ ಹೊರಗೆ ಹೋಗುತ್ತಿದೆ. ಕರ್ನಾಟಕದ ಎಷ್ಟೋ ಸಣ್ಣ ಊರುಗಳ ಹಾಗೆ ಚಳ್ಳಕೆರೆ, ಮೊಳಕಾಲ್ಮುರುಗಳ ಮನೆಗಳಲ್ಲೂ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಡಾಕ್ಟರ್ ಸೀಟು ಸಿಗದ ಮಕ್ಕಳ ಎರಡನೆಯ ಆಸೆಯಾಗಿ ಬಂತು. ಆಮೇಲೆ ವಿದೇಶದ ಬಾಗಿಲಾಗಿಯೂ ಕಂಡಿತು. ಆ ಬಾಗಿಲು ತಳ್ಳಿದ ಕೂಡಲೇ ತೆರೆಯುವಂಥದಲ್ಲ. ಮದುವೆಯಾಗಿ ಪರದೇಶಕ್ಕೆ ಹೋಗಿ, ಮಕ್ಕಳನ್ನು ಬೆಳೆಸಿ, ಹತ್ತು ವರ್ಷದ ಮೇಲೆ ಮತ್ತೆ ರೋಗಿಯ ಮಂಡಿ ಹಿಡಿಯಲು ಹೊರಟ ಹೆಣ್ಣುಮಗಳಿಗೆ ಅದು ಯಾಕೆ ಅಷ್ಟು ಬಿಗಿ ಎಂಬುದರ ಹಿಂದೆ ನೂರಮೂವತ್ತು ವರ್ಷಗಳ ಕಥೆಯಿದೆ.

ಆ ಕಥೆಗೆ ಮೊದಲು ಈ ಎರಡು ತಾಲ್ಲೂಕುಗಳ ಮೈಯನ್ನು ನೋಡಬೇಕು. ಮೊಳಕಾಲ್ಮುರಿನ ರೇಷ್ಮೆ ಸೀರೆ ಹುಟ್ಟುವುದು ಗುಂಡಿಮಗ್ಗದಲ್ಲಿ. ನೇಕಾರರು ಗುಂಡಿಯ ಅಂಚಿನಲ್ಲಿ ಕೂತು ಕಾಲುಗಳನ್ನು ಒಳಗೆ ಇಳಿಬಿಡುತ್ತಾರೆ. ಪಾದಗಳು ತುಳಿಯುತ್ತಿರಬೇಕು, ಒಂದು ಕೈ ಲಾಳಿಯನ್ನು ಓಡಿಸಬೇಕು, ಇನ್ನೊಂದು ಹಣಿಗೆಯನ್ನು ಎಳೆದು ಬಡಿಯಬೇಕು, ಕುತ್ತಿಗೆ ಮುಂದೆ ಬಾಗಿಯೇ ಇರಬೇಕು, ಯಾಕೆಂದರೆ ಕಣ್ಣು ಅಂಚಿನ ಗೋಪುರದ ಸಾಲಿನಿಂದ ಕದಲುವಂತಿಲ್ಲ. ಬೆನ್ನಿಗೆ ಒರಗುವ ಆಸರೆ ಇಲ್ಲ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಆ ಸೀರೆಯ ಬೆಲೆಯಲ್ಲಿ ಹಿಡಿದುಕೊಂಡ ಭುಜ, ಸೆಟೆದ ಸೊಂಟ, ಮರಗಟ್ಟಿದ ಬೆರಳುಗಳ ಲೆಕ್ಕ ಸೇರಿಲ್ಲ. ಚಳ್ಳಕೆರೆಯದು ಬೇರೆ ಬಗೆಯ ದುಡಿಮೆ. ಶೇಂಗಾ ಮತ್ತು ಎಣ್ಣೆ ಮಿಲ್ಲುಗಳಿಂದ ಎರಡನೇ ಬಾಂಬೆ ಅನ್ನಿಸಿಕೊಂಡ ಊರು ಅದು. ಮೂಟೆ ಹೊತ್ತ ಹಮಾಲರ ಮಂಡಿ, ಬೆನ್ನುಮೂಳೆಗಳ ಮೇಲೆ ಆ ಹೆಸರು ನಿಂತಿತು. ಸುತ್ತಲ ಹಟ್ಟಿಗಳಲ್ಲಿ ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಚ್ಚಿದ ಉಣ್ಣೆಯ ಹಾಸಿನ ಮುಂದೆ ಅದೇ ಬಗೆಯ ಗುಂಡಿಯಲ್ಲಿ ಕೂರುತ್ತ ಬಂದವರು.

ಇದಕ್ಕೆ ನೀರೂ ಸೇರಿತು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆ ಇದು. ಕೆರೆ ಬತ್ತಿ ಕೊಳವೆಬಾವಿ ಆಳಕ್ಕೆ ಇಳಿದಂತೆ ಫ್ಲೋರೈಡ್ ಮೇಲಕ್ಕೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಗಳು ಅದನ್ನು ದಾಟಿದವು. ಫ್ಲೋರೋಸಿಸ್ ಮೊದಲು ಹಲ್ಲಿನಲ್ಲಿ ಕಾಣುತ್ತದೆ, ವರ್ಷಗಳ ಮೇಲೆ ಕೀಲುಗಳಿಗೆ ಇಳಿಯುತ್ತದೆ. ಕುತ್ತಿಗೆ ಹೊರಳುವುದಿಲ್ಲ, ಬೆನ್ನು ಬಾಗುವುದಿಲ್ಲ, ಪಕ್ಕದಲ್ಲಿ ಕೂತವರನ್ನು ನೋಡಲು ಮೈಯನ್ನೇ ತಿರುಗಿಸಬೇಕು. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ. ಒಮ್ಮೆ ಮೂಳೆ ಬಿರುಸಾದ ಮೇಲೆ ಔಷಧಿಯಿಂದ ಆಗುವುದು ಅಷ್ಟಕ್ಕಷ್ಟೇ. ಉಳಿದ ಚಲನೆಯನ್ನು ಕಾಪಾಡಿಕೊಳ್ಳಲು ಬೇಕಾದದ್ದು ಒಳ್ಳೆಯ ನೀರು, ಒಳ್ಳೆಯ ಊಟ, ಕೀಲನ್ನು ದಿನವೂ ಆಡಿಸುವ ತಿಳಿದ ಕೈ.

ತಿಳಿದ ಕೈಗಳು ಇಲ್ಲಿ ಇರಲಿಲ್ಲವೆಂದಲ್ಲ. ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರೆರೆಯುವ ಹಿರಿಯ ಹೆಂಗಸರು, ಉಳುಕು ತೆಗೆಯುವವರು, ಮೂಳೆ ಕಟ್ಟುವ ನಾಟಿ ವೈದ್ಯರು ಎಲ್ಲ ಊರುಗಳಲ್ಲೂ ಇದ್ದರು. ಕೈಕಾಲು ಮುರಿದರೆ ಗಡಿ ದಾಟಿ ಪುತ್ತೂರಿಗೆ ಹೋಗುವುದೂ ಇತ್ತು. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು; ಅಲ್ಲಿ ರಾಜು ಮನೆತನದವರು ತಲೆಮಾರುಗಳಿಂದ ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರ ಪಟ್ಟಿ, ಬಟ್ಟೆ ಸುತ್ತಿ ಕಟ್ಟುವ ಕಟ್ಟು ದಕ್ಷಿಣ ಭಾರತಕ್ಕೆಲ್ಲ ಗೊತ್ತು. ಎಷ್ಟೋ ಮೂಳೆಗಳು ಆ ಕಟ್ಟಿನಲ್ಲಿ ಕೂಡಿಕೊಂಡಿವೆ. ತೊಡಕು ಶುರುವಾಗುತ್ತಿದ್ದದ್ದು ಕಟ್ಟು ಬಿಚ್ಚಿದ ಮೇಲೆ. ವಾರಗಟ್ಟಲೆ ಅಲುಗದೆ ಇದ್ದ ಮೊಣಕೈ ಮರದ ಕೊರಡಿನಂತಾಗಿರುತ್ತದೆ. ಬಿಸಿನೀರು, ಹರಳೆಣ್ಣೆ ಸ್ವಲ್ಪ ಸಡಿಲಿಸುತ್ತವೆ. ಎಷ್ಟು ಬಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಸ್ನಾಯುವಿಗೆ ಮೊದಲು ಬಲ ತುಂಬಬೇಕು ಎಂಬ ಲೆಕ್ಕ ಬಲ್ಲವರು ಊರಲ್ಲಿ ಇರುತ್ತಿರಲಿಲ್ಲ. ಮೂಳೆ ಕೂಡಿದರೂ ಕೈ ಮಗ್ಗಕ್ಕೆ ಮರಳದ ನೇಕಾರರ ಪಾಲಿಗೆ ಈ ಕೊರತೆ ಅನ್ನದ ಪ್ರಶ್ನೆಯಾಗಿತ್ತು.

ಆ ಲೆಕ್ಕ ಬಲ್ಲ ಕಸಬು ಇಂಗ್ಲೆಂಡಿನಲ್ಲಿ ರೂಪು ಪಡೆದದ್ದು ಒಂದು ಅವಮಾನದ ನಡುವೆ. 1894ರಲ್ಲಿ ಲಂಡನ್ನಿನ ಕೆಲವು ಮಸಾಜ್ ಮನೆಗಳು ಬೇರೆ ದಂಧೆಯ ಮುಖವಾಡ ಎಂಬ ಗುಲ್ಲು ವೈದ್ಯಕೀಯ ಪತ್ರಿಕೆಯಲ್ಲೇ ಎದ್ದಿತು. ಮರ್ಯಾದೆಯಿಂದ ಈ ಕೆಲಸ ಮಾಡುತ್ತಿದ್ದ ನಾಲ್ವರು ದಾದಿಯರು ಆ ವರ್ಷವೇ ತರಬೇತಾದ ಮಸಾಜ್‌ಗಾರ್ತಿಯರ ಸಂಘ ಕಟ್ಟಿ, ಪರೀಕ್ಷೆ ಇಟ್ಟು, ಪಾಸಾದವರ ಪಟ್ಟಿ ಇಟ್ಟರು. ಇವತ್ತಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಅದೇ ಸಂಘದ ಮುಂದುವರಿಕೆ. 1920ರಲ್ಲಿ ಅದಕ್ಕೆ ರಾಜಸನ್ನದು ಸಿಕ್ಕಿತು. ಪಟ್ಟಿಯಲ್ಲಿ ಹೆಸರಿದ್ದರೆ ನಂಬಿಕೆ, ಇಲ್ಲವಾದರೆ ಅನುಮಾನ: ಈ ಕಸಬಿನ ಮೂಳೆಯಲ್ಲೇ ಆ ನಿಯಮ ಬೆಳೆದಿದೆ.

ಅಮೆರಿಕದಲ್ಲಿ ಈ ವೃತ್ತಿಯ ತಾಯಿ ಎನ್ನಿಸಿಕೊಂಡ ಮೇರಿ ಮ್ಯಾಕ್‌ಮಿಲನ್ ಕಲಿತದ್ದು ಪರದೇಶದಲ್ಲಿ. ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನಲ್ಲಿ, 1880ರಲ್ಲಿ. ಬೆಳೆದದ್ದು, ತರಬೇತಿ ಪಡೆದದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ತಾಯ್ನಾಡಿಗೆ ಮರಳಿ, 1918ರಲ್ಲಿ ಗಾಯಾಳು ಸೈನಿಕರನ್ನು ನಡೆಸುವ ಕೆಲಸಕ್ಕೆ ಸೇರಿದರು, ನೂರಾರು ಹೆಣ್ಣುಮಕ್ಕಳಿಗೆ ಕಲಿಸಿದರು, 1921ರಲ್ಲಿ ದೇಶದ ಮೊದಲ ಫಿಸಿಕಲ್ ಥೆರಪಿ ಸಂಘದ ಅಧ್ಯಕ್ಷೆಯಾದರು. ವಿದೇಶಿ ತರಬೇತಿ ಹೊತ್ತು ಬಂದ ಹೆಂಗಸೊಬ್ಬಳು ಕಟ್ಟಿದ ವೃತ್ತಿಯೇ ಮುಂದೆ ವಿದೇಶಿ ಪದವಿಯವರನ್ನು ಇಷ್ಟು ಸೋಸಿ ನೋಡುವಂತಾದದ್ದು ಗಮನಿಸಬೇಕಾದ ಸಂಗತಿ. ಅವರ ಕಾಲಕ್ಕೆ ಯುದ್ಧ ಕೈಗಳನ್ನು ಕೇಳುತ್ತಿತ್ತು.

ಭಾರತಕ್ಕೆ ಈ ವಿದ್ಯೆಯನ್ನು ಎಳೆತಂದದ್ದು ಪೋಲಿಯೋ. ಅದರಲ್ಲಿ ಕನ್ನಡ ಕರಾವಳಿಯ ಪಾಲೂ ಇದೆ. ಬೊಂಬಾಯಿಯ ಫಾತಿಮಾ ಇಸ್ಮಾಯಿಲ್ ಅವರ ಮಗಳಿಗೆ ಪೋಲಿಯೋ ತಗಲಿದಾಗ ದಾರಿ ತೋರಿದವರು ಮದ್ರಾಸಿನ ಮೂಳೆತಜ್ಞ ಡಾ. ಎಂ.ಜಿ. ಕಿಣಿ. ಮಗಳ ಜೊತೆ ತಿಂಗಳುಗಟ್ಟಲೆ ಇದ್ದು ಕಂಡದ್ದನ್ನು ಬೇರೆ ಮಕ್ಕಳಿಗೂ ಮುಟ್ಟಿಸಬೇಕೆಂದು ಆ ತಾಯಿ 1947ರಲ್ಲಿ ಬೊಂಬಾಯಿಯಲ್ಲಿ ಕ್ಲಿನಿಕ್ ತೆರೆದರು. ಅದಕ್ಕೆ ತಮ್ಮ ಕೋಣೆ ಬಿಟ್ಟುಕೊಟ್ಟವರು ಡಾ. ಎ.ವಿ. ಬಾಳಿಗಾ. ಕುಮಟಾದ ಕಾಲೇಜು, ಉಡುಪಿಯ ಆಸ್ಪತ್ರೆ ಹೊತ್ತಿರುವುದು ಅವರದೇ ಹೆಸರು. 1952ರಲ್ಲಿ ಬೊಂಬಾಯಿಯಲ್ಲಿ ಪೋಲಿಯೋ ಹಬ್ಬಿದ ಬೆನ್ನಿಗೇ, ಕೇಂದ್ರ ಸರ್ಕಾರ, ನಗರಪಾಲಿಕೆ, ವಿಶ್ವ ಆರೋಗ್ಯ ಸಂಸ್ಥೆ ಸೇರಿ 1953ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಆರಂಭಿಸಿದವು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿತು.

ದಕ್ಷಿಣದಲ್ಲಿ ವೆಲ್ಲೂರು ಇನ್ನೊಂದು ಪಾಠಶಾಲೆಯಾಯಿತು. ಪಾಲ್ ಬ್ರಾಂಡ್ ಅಲ್ಲಿ ಕುಷ್ಠದಿಂದ ಮಡಿಚಿಹೋದ ಬೆರಳುಗಳಿಗೆ ಬೇರೆ ಸ್ನಾಯುರಜ್ಜು ಜೋಡಿಸಿ ಕೈ ಬಿಡಿಸುತ್ತಿದ್ದರು. ಶಸ್ತ್ರಚಿಕಿತ್ಸೆಯಿಂದ ಕೆಲಸ ಮುಗಿಯುತ್ತಿರಲಿಲ್ಲ. ಹೊಸ ಎಳೆತಕ್ಕೆ ಬೆರಳನ್ನು ಪಳಗಿಸುವ ವಾರಗಳ ದುಡಿಮೆ ಫಿಸಿಯೋಥೆರಪಿಸ್ಟರದು. ಬ್ರಾಂಡ್ ಜೊತೆ ದುಡಿದ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಹೋವರ್ಡ್ ರಸ್ಕ್ ಅವರ ಬಳಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ವೆಲ್ಲೂರಿಗೆ ಮರಳಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರವೇ ಎದ್ದಿತು. ವಿದೇಶದ ವಿದ್ಯೆ ಹೊತ್ತು ಬಂದವರಿಗೆ ಆಗ ಇಲ್ಲಿ ಅಡ್ಡಿಯಿರಲಿಲ್ಲ. ಅಷ್ಟು ಕಡಿಮೆ ಜನ, ಅಷ್ಟು ಹೆಚ್ಚು ಕೆಲಸ.

ಇಲ್ಲಿಂದ ಮುಂದೆ ಭಾರತ ಒಂದು ದೊಡ್ಡ ಕೆಲಸ ಬಾಕಿ ಇಟ್ಟಿತು. ಕಾಲೇಜುಗಳು ಬಂದವು, ಡಿಪ್ಲೊಮಾ ಹೋಗಿ ಪದವಿ ಬಂತು, ಸ್ನಾತಕೋತ್ತರ ಬಂತು. ಕರ್ನಾಟಕ ಇದರಲ್ಲಿ ಮುಂದೆ: ಮಂಗಳೂರು, ಮಣಿಪಾಲ, ಬೆಳಗಾವಿ, ಧಾರವಾಡ, ಬೆಂಗಳೂರುಗಳ ಖಾಸಗಿ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಹೊರದೇಶಗಳಿಂದಲೂ ವಿದ್ಯಾರ್ಥಿಗಳು ಬಂದರು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಇವುಗಳಲ್ಲಿ ಬಹಳಷ್ಟು ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆಯಡಿ ಬಂದವು: ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್. ಆದರೆ ಡಾಕ್ಟರಿಗೆ, ನರ್ಸಿಗೆ, ಔಷಧಿ ಅಂಗಡಿಯವರಿಗೆ ಇದ್ದಂತೆ ದೇಶಮಟ್ಟದ ಒಂದು ಪರಿಷತ್ತು, ಒಂದು ನೋಂದಣಿ ಪುಸ್ತಕ ಇವರಿಗೆ ಇರಲಿಲ್ಲ. ದೆಹಲಿ, ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ತಮ್ಮ ಪಾಡಿಗೆ ಕಾನೂನು ಮಾಡಿಕೊಂಡವು. 2007ರಲ್ಲಿ ಸಂಸತ್ತಿನ ಮುಂದೆ ಬಂದ ಕೇಂದ್ರ ಪರಿಷತ್ತಿನ ಮಸೂದೆ ಲೋಕಸಭೆಯ ಅವಧಿಯ ಜೊತೆ ಸತ್ತುಹೋಯಿತು. ಕರ್ನಾಟಕದಲ್ಲಿ ಅದೇ ವರ್ಷದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಫಿಸಿಯೋಥೆರಪಿ ಕೇಂದ್ರಗಳನ್ನು ತನ್ನ ವ್ಯಾಪ್ತಿಗೆ ತಂದಿತು. ಅದು ಕ್ಲಿನಿಕ್ಕಿನ ನೋಂದಣಿ. ಅದರೊಳಗೆ ಕೆಲಸ ಮಾಡುವವರ ವಿದ್ಯೆಗೆ ಮುದ್ರೆ ಒತ್ತುವಂಥದಲ್ಲ.

ಪರದೇಶಕ್ಕೆ ಹೋದವರಿಗೆ ಇದರ ಬಿಸಿ ತಟ್ಟಿದ್ದು ಮೊದಲ ಅರ್ಜಿಯಲ್ಲೇ. ನಿಮ್ಮ ದೇಶದ ನೋಂದಣಿ ಪ್ರಾಧಿಕಾರದಿಂದ ಪತ್ರ ತನ್ನಿ ಎಂದರೆ ಕೊಡಲು ಪ್ರಾಧಿಕಾರವೇ ಇರಲಿಲ್ಲ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಓದನ್ನು ಗಂಟೆ ಗಂಟೆಯಾಗಿ ಬಿಡಿಸಿ ತೋರಿಸಬೇಕಾಯಿತು: ಅಂಗರಚನೆ ಎಷ್ಟು ಗಂಟೆ, ನರರೋಗದ ವಾರ್ಡು ಎಷ್ಟು ಗಂಟೆ, ಮಕ್ಕಳ ವಿಭಾಗ ಎಷ್ಟು. ಅಂಕಪಟ್ಟಿಗಳನ್ನು, ಪಠ್ಯಕ್ರಮವನ್ನು ವಿಶ್ವವಿದ್ಯಾಲಯವೇ ಲಕೋಟೆಯಲ್ಲಿಟ್ಟು, ಮುಚ್ಚಿದ ಅಂಚಿನ ಮೇಲೆ ಮೊಹರು ಒತ್ತಿ, ನೇರವಾಗಿ ಕಳಿಸಬೇಕು. ಅಭ್ಯರ್ಥಿಯ ಕೈಗೆ ಬಂದು ತೆರೆದ ಲಕೋಟೆಗೆ ಬೆಲೆಯಿಲ್ಲ. ಮಗಳು ಟೆಕ್ಸಸ್‌ನಲ್ಲೋ ಲೀಡ್ಸ್‌ನಲ್ಲೋ ಇದ್ದರೆ, ಹತ್ತು ವರ್ಷ ಹಿಂದಿನ ಪಠ್ಯಕ್ರಮದ ಪುಟಪುಟಕ್ಕೂ ಸಹಿ ಹಾಕಿಸಲು ಕಾಲೇಜಿಗೂ ಜಯನಗರದ ವಿಶ್ವವಿದ್ಯಾಲಯದ ಕಚೇರಿಗೂ ಓಡಾಡುವವರು ಊರಲ್ಲಿರುವ ಅಪ್ಪನೋ ತಮ್ಮನೋ. ಹಳ್ಳಿಗಾಡಿನ ಮನೆಗಳಿಗೆ ವಿದೇಶದ ಉದ್ಯೋಗ ಮೊದಲು ಪರಿಚಯವಾದದ್ದು ಹೀಗೆ, ಕೌಂಟರಿನ ಮುಂದೆ ನಿಲ್ಲುವ ಕೆಲಸವಾಗಿ.

ಅಮೆರಿಕದ ಹಾದಿ ಎಲ್ಲಕ್ಕಿಂತ ಕಡಿದು. 1996ರ ವಲಸೆ ಕಾಯ್ದೆ ವಿದೇಶದಲ್ಲಿ ಕಲಿತ ಆರೋಗ್ಯ ಕೆಲಸಗಾರರು ತಮ್ಮ ವಿದ್ಯೆ ಸಮಾನವೆಂಬ ಪ್ರಮಾಣಪತ್ರ ತರಬೇಕೆಂದು ವಿಧಿಸಿತು. ಫಿಸಿಯೋಥೆರಪಿಗೆ ಅದನ್ನು ಕೊಡುವ ಮುಖ್ಯ ಸಂಸ್ಥೆ ಎಫ್‌ಸಿಸಿಪಿಟಿ. ಅಷ್ಟರಲ್ಲಿ ಅಲ್ಲಿನ ಪದವಿಯೇ ಮೇಲೇರುತ್ತಿತ್ತು. 2002ರಿಂದ ಸ್ನಾತಕ ಪದವಿಯ ಕೋರ್ಸುಗಳಿಗೆ ಮಾನ್ಯತೆ ನಿಂತಿತು. 2016ರ ಹೊತ್ತಿಗೆ ಎಲ್ಲ ಕಾಲೇಜುಗಳೂ ಡಾಕ್ಟರ್ ಆಫ್ ಫಿಸಿಕಲ್ ಥೆರಪಿಗೆ ಬದಲಾದವು. ದಾವಣಗೆರೆಯಲ್ಲೋ ಮಂಗಳೂರಲ್ಲೋ ನಾಲ್ಕೂವರೆ ವರ್ಷ ಓದಿದವರ ಮುಂದೆ ಗುರುತುಗಲ್ಲು ಹಿಂದೆ ಹಿಂದೆ ಸರಿಯಿತು. ರೋಗಿಯನ್ನು ಮುಟ್ಟುವ ವಿದ್ಯೆಯಲ್ಲಿ ಕೊರತೆ ಕಾಣದವರಿಗೂ ಸಾಮಾನ್ಯ ಶಿಕ್ಷಣದ ಕ್ರೆಡಿಟ್ ಸಾಲದು ಎಂಬ ಪತ್ರ ಬರುತ್ತಿತ್ತು, ಯಾಕೆಂದರೆ ನಮ್ಮಲ್ಲಿ ಪಿಯುಸಿ ಮುಗಿಸಿದವರು ನೇರ ವೃತ್ತಿ ಪದವಿಗೆ ಹೋಗುತ್ತಾರೆ, ಅಲ್ಲಿ ಮೊದಲು ಬೇರೆ ಬೇರೆ ವಿಷಯಗಳ ಕಾಲೇಜು ಓದು. ಇದೆಲ್ಲ ತುಂಬಿದ ಮೇಲೆ ಪರವಾನಗಿಗೆ ಬೇಕಾದ ಎನ್‌ಪಿಟಿಇ ಪರೀಕ್ಷೆ: ಐದು ಗಂಟೆ, 200ರಿಂದ 800ರ ಅಳತೆಯಲ್ಲಿ 600 ಬಂದರೆ ಪಾಸು, ಜೀವಮಾನದಲ್ಲಿ ಆರು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ.

2010ರ ಬೇಸಿಗೆಯಲ್ಲಿ ಆ ಬಾಗಿಲು ಕೆಲ ಕಾಲ ಮುಚ್ಚಿಯೇ ಹೋಯಿತು. ಪರೀಕ್ಷೆ ಬರೆದು ಬಂದವರು ನೆನಪಿನಿಂದ ಪ್ರಶ್ನೆಗಳನ್ನು ಹಂಚಿಕೊಳ್ಳುತ್ತಿದ್ದಾರೆಂಬ ಸಾಕ್ಷ್ಯ ಸಿಕ್ಕಿತೆಂದು ಆ ಪರೀಕ್ಷೆ ನಡೆಸುವ ಒಕ್ಕೂಟವು ಭಾರತ, ಪಾಕಿಸ್ತಾನ, ಈಜಿಪ್ಟ್, ಫಿಲಿಪ್ಪೀನ್ಸ್‌ನ ಕಾಲೇಜುಗಳಲ್ಲಿ ಓದಿದವರೆಲ್ಲರಿಗೂ ಪರೀಕ್ಷೆ ನಿಲ್ಲಿಸಿತು. 2011ರಲ್ಲಿ ಅವರಿಗೆಂದೇ ಪ್ರತ್ಯೇಕ ಪರೀಕ್ಷೆ ಬಂತು, ಅದೂ ವರ್ಷಕ್ಕೊಮ್ಮೆ. ಪ್ರಶ್ನೆ ಸೋರುವುದನ್ನು ತಡೆಯುವ ಹಕ್ಕು ಒಕ್ಕೂಟಕ್ಕೆ ಖಂಡಿತ ಇತ್ತು. ಆದರೆ ಓದಿದ ದೇಶವನ್ನು ನೋಡಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಅನ್ಯಾಯ. ವರ್ಷಗಟ್ಟಲೆ ಓದಿ, ಶುಲ್ಕ ಕಟ್ಟಿ, ತಪ್ಪೇನೂ ಮಾಡದವರ ವೀಸಾ, ನೌಕರಿ ಎರಡೂ ಆ ಆದೇಶಕ್ಕೆ ತೂಗುಹಾಕಿಕೊಂಡವು. ಅವರ ಪರವಾಗಿ ಮಾತಾಡಲು ಅಧಿಕಾರವುಳ್ಳ ರಾಷ್ಟ್ರೀಯ ಪರಿಷತ್ತೊಂದು ಆಗಲೂ ದೆಹಲಿಯಲ್ಲಿ ಇರಲಿಲ್ಲ.

ಮದುವೆಯಾಗಿ ಹೋದವರ ಕಷ್ಟಕ್ಕೆ ಇನ್ನೊಂದು ಮುಖವಿದೆ. ಸಾಫ್ಟ್‌ವೇರ್ ಎಂಜಿನಿಯರನ ಹೆಂಡತಿಯಾಗಿ ಅಮೆರಿಕದಲ್ಲಿ ಎಚ್-4 ವೀಸಾದ ಮೇಲೆ ಇಳಿದ ಫಿಸಿಯೋಥೆರಪಿಸ್ಟ್ ಕೆಲಸ ಮಾಡುವಂತಿರಲಿಲ್ಲ. 2015ರ ಮೇ 26ರಂದು ಜಾರಿಗೆ ಬಂದ ನಿಯಮ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ದುಡಿಯುವ ಪರವಾನಗಿ ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಜನರ ಪದವಿಗೆ ಏಳೆಂಟು ವರ್ಷದ ಧೂಳು. ಅಮೆರಿಕದ ಕಾರ್ಮಿಕ ಇಲಾಖೆ ದಶಕಗಳಿಂದ ನರ್ಸುಗಳ ಜೊತೆ ಫಿಸಿಕಲ್ ಥೆರಪಿಸ್ಟರನ್ನು ಕೊರತೆಯ ವೃತ್ತಿಗಳ ಪಟ್ಟಿಯಲ್ಲಿ ಇಟ್ಟಿದೆ. ಅವರಿಗೆ ಕೆಲಸ ಕೊಡುವವರು ಸ್ಥಳೀಯರು ಸಿಗಲಿಲ್ಲವೆಂದು ಬೇರೆ ಸಾಬೀತು ಮಾಡಬೇಕಿಲ್ಲ. ಅಂದರೆ ಮನೆಯಲ್ಲಿ ಕೂತ ಆ ಹೆಣ್ಣುಮಗಳ ವಿದ್ಯೆಯೇ ಆ ದೇಶಕ್ಕೆ ಬೇಕಿತ್ತು, ಅವಳಿಗೂ ಅದು ಬೇಕಿತ್ತು. ನಡುವೆ ನಿಂತದ್ದು ಪತ್ರಗಳು ಮತ್ತು ಕಳೆದುಹೋದ ವರ್ಷಗಳು.

ಬಿಟ್ಟುಹೋದ ವೃತ್ತಿಗೆ ಮರಳುವವರನ್ನು ಬ್ರಿಟನ್ ನಡೆಸಿಕೊಳ್ಳುವ ರೀತಿ ಇದಕ್ಕಿಂತ ಮನುಷ್ಯತ್ವದ್ದು. ಅಲ್ಲಿನ ನೋಂದಣಿ ಸಂಸ್ಥೆ ಎಚ್‌ಸಿಪಿಸಿ ವಿದೇಶಿ ಪದವೀಧರರಿಗೆ ಲಿಖಿತ ಪರೀಕ್ಷೆ ಇಡದೆ ಪಠ್ಯಕ್ರಮವನ್ನೂ ಅನುಭವವನ್ನೂ ತಾಳೆ ನೋಡುತ್ತದೆ. ಕಸಬಿನಿಂದ ಎರಡರಿಂದ ಐದು ವರ್ಷ ದೂರವಿದ್ದವರು 30 ದಿನ, ಐದು ವರ್ಷ ಮೀರಿದವರು 60 ದಿನ ತಮ್ಮ ಜ್ಞಾನವನ್ನು ಹೊಸದು ಮಾಡಿಕೊಳ್ಳಬೇಕೆಂದು ಅದು ನಿಯಮ ಮಾಡಿತು. ಆ ದಿನಗಳನ್ನು ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ, ತರಗತಿಯಲ್ಲಿ, ಅರ್ಧದಷ್ಟನ್ನು ಮನೆಯಲ್ಲೇ ಓದಿ ತುಂಬಬಹುದು. ಬಿಡುವು ಎಂಬುದು ಅಪರಾಧವಲ್ಲ, ಅಳೆದು ತುಂಬಬಹುದಾದ ಅಂತರ ಎಂದು ಈ ನಿಯಮ ಒಪ್ಪಿಕೊಂಡಿತು. ಆಸ್ಟ್ರೇಲಿಯಾ ಲಿಖಿತ ಪರೀಕ್ಷೆಯ ಮೇಲೆ ನಿಜವಾದ ರೋಗಿಗಳ ಎದುರು ಪರೀಕ್ಷೆಯನ್ನೂ ಇಡುತ್ತದೆ. ಕೊಲ್ಲಿ ದೇಶಗಳು ಡೇಟಾಫ್ಲೋ ಎಂಬ ಪರಿಶೀಲನಾ ಸಂಸ್ಥೆಯ ಮೂಲಕ ಪ್ರತಿ ಪತ್ರವನ್ನೂ ಅದರ ಹುಟ್ಟಿದೆಡೆಯಲ್ಲೇ ವಿಚಾರಿಸುತ್ತವೆ. ಈ ಎಲ್ಲ ಹಾದಿಗಳಲ್ಲಿ, ಪರವಾನಗಿ ಬರುವತನಕ ಸಹಾಯಕಿಯಾಗಿ ರೋಗಿಯನ್ನು ನಡೆಸಿಕೊಂಡು ಹೋಗುವ ಕೆಲಸಕ್ಕೆ ಸೇರಿ, ಆ ನೆಪದಲ್ಲಿ ಕೈ ಮರೆಯದಂತೆ ನೋಡಿಕೊಂಡವರು ಬಹಳ.

2021ರ ಮಾರ್ಚ್‌ನಲ್ಲಿ ಸಂಸತ್ತು ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯನ್ನು ಒಪ್ಪಿತು. ಕೆಇಎಂ ಶಾಲೆ ಆರಂಭವಾಗಿ ಆಗ 68 ವರ್ಷ. ಕಾಯ್ದೆಯ ಅನುಸೂಚಿಯಲ್ಲಿ ಫಿಸಿಯೋಥೆರಪಿಗೆ ತನ್ನದೇ ವರ್ಗವಿದೆ, ಅದರ ಮುಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವೃತ್ತಿ ವರ್ಗೀಕರಣದ 2264 ಎಂಬ ಸಂಖ್ಯೆಯಿದೆ. ಬೇರೆ ದೇಶಗಳ ಪಟ್ಟಿಗಳಲ್ಲಿ ಇದೇ ಕೆಲಸವನ್ನು ಗುರುತಿಸುವ ಸಂಖ್ಯೆ ಅದು. ರಾಜ್ಯ ಪರಿಷತ್ತುಗಳು, ಕೇಂದ್ರದಲ್ಲಿ ಒಂದು ನೋಂದಣಿ ಪುಸ್ತಕ, ವಿದೇಶದಲ್ಲಿ ಕಲಿತು ಮರಳಿದವರ ವಿದ್ಯೆಗೆ ಮಾನ್ಯತೆಯ ದಾರಿ, ಎಲ್ಲವೂ ಕಾಯ್ದೆಯಲ್ಲಿವೆ. 2025ರಲ್ಲಿ ಆಯೋಗ ಹೊರಡಿಸಿದ ಪಠ್ಯಕ್ರಮ ಪದವಿಯನ್ನು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷಕ್ಕೆ ಏರಿಸಿತು.

ಚಳ್ಳಕೆರೆ, ಮೊಳಕಾಲ್ಮುರುಗಳಿಗೆ ಇದರಿಂದ ಆಗಬೇಕಾದ ಕೆಲಸ ಎರಡು ಕಡೆಯದು. ಇಲ್ಲಿ, ಲಕ್ವಾ ಹೊಡೆದವರಿಗೂ ಫ್ಲೋರೋಸಿಸ್‌ನಿಂದ ಸೆಟೆದವರಿಗೂ ಮನೆಯ ಹತ್ತಿರ ತರಬೇತಾದ ಕೈ ಸಿಗಬೇಕು. ಈಗ ಸಮಗ್ರ ಶಿಕ್ಷಣದಡಿ ಅಂಗವಿಕಲ ಮಕ್ಕಳಿಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಫಿಸಿಯೋಥೆರಪಿ ಸಿಗುತ್ತದೆ, ಆದರೆ ಮಗ್ಗ ಬಿಟ್ಟು ಬರಲಾಗದ ನೇಕಾರರಿಗೆ ಅಂಥ ಏರ್ಪಾಡಿಲ್ಲ. ಅಲ್ಲಿ, ಈಗಾಗಲೇ ಕಡಲು ದಾಟಿರುವ ನಾಲ್ಕೂವರೆ ವರ್ಷದ ಪದವೀಧರರನ್ನು ಮರೆಯಬಾರದು. ಐದು ವರ್ಷದ ಹೊಸ ಬ್ಯಾಚ್ ಹೊರಬಿದ್ದ ದಿನ, ವಿದೇಶದ ಪರಿಶೀಲಕರ ಮೇಜಿನ ಮೇಲೆ ಒಂದೇ ಹೆಸರಿನ ಎರಡು ಭಾರತೀಯ ಪದವಿಗಳು ಬೇರೆ ಬೇರೆ ಉದ್ದದಲ್ಲಿ ಕೂರುತ್ತವೆ. ಹಳೆಯ ಪದವಿ ತನ್ನ ಕಾಲಕ್ಕೆ ಪೂರ್ಣವಾಗಿತ್ತು ಎಂದು ಮೊಹರು ಹಾಕಿ ಹೇಳುವ ಪತ್ರವನ್ನು ಆಯೋಗವೂ ರಾಜ್ಯ ಪರಿಷತ್ತೂ ಈಗಲೇ ಸಿದ್ಧಪಡಿಸಿ, ಕೇಳಿದವರಿಗೆ ಬೆಂಗಳೂರಿಗೆ ಅಲೆಸದೆ ಕೊಡಬೇಕು.